ಅಲ್ತಮೂರದ ಒಲೆಯಲ್ಲಿ ನಂದೂ ಒಂದು ಬ್ರೆಡ್ಡು

ಮೊದಲೇ ಹೇಳಿಬಿಡ್ತೀನಿ, ನಾನು ರೋಮ್ ನೋಡಿಲ್ಲ. ವಾಲಿದ ಗೋಪುರಕ್ಕೆ ಕೈ ಕೊಟ್ಟು ಫೋಟೋ ತೆಗೆಸಿಕೊಂಡಿಲ್ಲ. ನೀರಿನ ಮೇಲೆ ನಿಂತಿರೋ ಊರಲ್ಲಿ ದೋಣಿ ಹತ್ತಿಲ್ಲ. ಇಟಲಿಗೆ ಹೋಗಿ ಬಂದೆ ಅಂದರೆ ನಮ್ಮ ಸೂಳಗಿರಿ ಜನ ಕೇಳೋದೇ ಇವನ್ನ. ಎಲ್ಲಕ್ಕೂ ಇಲ್ಲ ಇಲ್ಲ ಅಂದರೆ ಮುಖ ಸಪ್ಪೆ ಮಾಡ್ಕೊಂಡು, "ಮತ್ತೆ ಅಷ್ಟು ದೂರ ಹೋಗಿ ಏನ್ ನೋಡ್ಕಂಡ್ ಬಂದ್ಯಕ್ಕಾ?" ಅಂತಾರೆ. ಅಲ್ತಮೂರ ಅನ್ನೋ ಊರು ನೋಡ್ಕಂಡ್ ಬಂದೆ ಕಣಪ್ಪ ಅಂದರೆ ಯಾರಿಗೂ ಗೊತ್ತಿಲ್ಲ. ನಂಗೋ ಹೊಟ್ಟೆಯೊಳಗೆ ಇನ್ನೂ ಅದೇ ಊರು ಕುಣೀತಾ ಇದೆ. ಅದಕ್ಕೇ ಬರೆಯೋಕೆ ಕೂತೆ.

ನಾನು ಭಾಗ್ಯ. ಹುಟ್ಟಿದ್ದು ಉದ್ದನಪಲ್ಲಿಯಲ್ಲಿ, ಕೊಟ್ಟಿದ್ದು ಸೂಳಗಿರಿಗೆ. ಎರಡೂ ಹೊಸೂರಿನ ಆಚೆ, ತಮಿಳುನಾಡಿಗೆ ಸೇರಿದ ಊರು. ಹೈವೇ ಪಕ್ಕ ನಮ್ಮದೊಂದು ಬೇಕರಿ ಇದೆ. ಬೋರ್ಡಿನ ಮೇಲೆ ತಮಿಳಿನಲ್ಲಿ ದಪ್ಪ ಅಕ್ಷರದಲ್ಲಿ ನಮ್ಮ ಯಜಮಾನರ ಹೆಸರು, ಮುನಿರಾಜು. ಒಲೆ ನೋಡೋರು ಅವರು, ಹಿಟ್ಟು ನಾದೋಳು ನಾನು. ಮದುವೆಯಾದಾಗಿನಿಂದ ಹೀಗೇ. ಲಾರಿಯವರು, ಫ್ಯಾಕ್ಟರಿ ಶಿಫ್ಟು ಮುಗಿಸಿ ಬರೋ ಹುಡುಗರು ಬನ್ನು ಕಚ್ಚಿದವರೇ "ಮುನಿರಾಜಣ್ಣನ ಕೈಯೇ ಕೈ ಬಿಡಪ್ಪ" ಅಂತಾರೆ. ಅವರು ಮೀಸೆಯೊಳಗೇ ನಗ್ತಾರೆ. ನಾನು ಒಳಗೆ ಮೊಣಕೈವರೆಗೂ ಮೈದಾ ಮೆತ್ತಿಕೊಂಡು ಹಲ್ಲು ಕಡೀತಾ ಇರ್ತೀನಿ. ಇದು ಜಗಳದ ಮಾತಲ್ಲ, ಆದರೆ ಒಂದೇ ಒಂದು ಸಲ ನಾನು ಮಾಡಿದ್ದನ್ನ ಯಾರಾದರೂ ನೋಡಿ "ಇದು ಭಾಗ್ಯಂದು" ಅನ್ನಲಿ ಅಂತ ಒಳಗೊಳಗೇ ಆಸೆ ಇತ್ತು. ಅದು ಸಮುದ್ರ ದಾಟಿದ ಮೇಲೆ ಹೆಂಗಾಯ್ತು ಅನ್ನೋದೇ ಈ ಕಥೆ.

ಬಾರಿ ಅನ್ನೋ ಊರಿಂದ ಪುಟ್ಟ ರೈಲು

ಮಗಳು ಕವಿತಾ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿದ್ದಾಳೆ. ಹೊಸ ಮಿಷಿನ್ನಿನ ಟ್ರೈನಿಂಗಿಗೆ ಕಂಪನಿಯವರು ಅವಳನ್ನ ಇಟಲಿಯ ದಕ್ಷಿಣದಲ್ಲಿರೋ ಬಾರಿ ಅನ್ನೋ ಊರಿಗೆ ಕಳಿಸಿದ್ದರು. ಅಲ್ಲಿನ ಭಾಷೆಯನ್ನೂ ಅಷ್ಟಿಷ್ಟು ಕಲಿತಿದ್ದಳು. "ಬನ್ನಿ, ನಾನಿರೋವಾಗ್ಲೇ ಒಂದ್ಸಲ ನೋಡ್ಕೊಂಡ್ ಹೋಗಿ" ಅಂತ ದಿನಾ ಫೋನು. ಬೇಕರಿಯನ್ನ ಮೈದುನನ ಕೈಗೆ ಕೊಟ್ಟು ಹೊರಟೇಬಿಟ್ಟೆವು.

ಅಲ್ಲಿನ ಏರ್‌ಪೋರ್ಟಿನಲ್ಲಿ ನಮ್ಮ ಬ್ಯಾಗು ತೆಗೆಸಿದರು. ನಾನು ಮಗಳಿಗೆ ಅಂತ ಒಯ್ದಿದ್ದ ರಾಗಿ ಹುರಿಹಿಟ್ಟಿನ ಪೊಟ್ಟಣ ಸಿಕ್ತು. ಆ ಆಫೀಸರಮ್ಮ ಬಿಚ್ಚಿ ಮೂಸಿ ನೋಡಿ ಎರಡು ಸಲ ಸೀನಿದಳು. ನಮ್ಮ ಯಜಮಾನರಿಗೆ ಒಂದು ಅಭ್ಯಾಸ. ಗೊತ್ತಿಲ್ಲದ ಭಾಷೆ ಎದುರಾದರೆ ತಮಿಳು ಬಿಡ್ತಾರೆ. ಕೃಷ್ಣಗಿರಿ ಕಲೆಕ್ಟರ್ ಆಫೀಸಿನಲ್ಲಿ ನಡೆಯೋದು ಎಲ್ಲೆಡೆ ನಡೆಯುತ್ತೆ ಅಂತ ನಂಬಿಕೆ. "ಸಾಪಾಡು ಮೇಡಂ, ಸಾಪಾಡು!" ಅಂತ ಹೊಟ್ಟೆ ತಟ್ಟಿಕೊಂಡು ತೋರಿಸಿದರು. ಆಯಮ್ಮ ನಕ್ಕು ಬಿಟ್ಟುಬಿಟ್ಟಳು. ಅಷ್ಟಕ್ಕೇ ಇವರು "ನೋಡ್ದ್ಯಾ, ನಡೀತು" ಅಂತ ಎದೆ ಸೆಟೆಸಿದರು.

ಶನಿವಾರ, ಭಾನುವಾರ ಮಗಳಿಗೆ ರಜ. "ಅಮ್ಮ, ನಿನ್ನನ್ನ ಒಂದು ಊರಿಗೆ ಕರ್ಕೊಂಡು ಹೋಗ್ತೀನಿ. ನಮ್ ಆಫೀಸೋರೇ ಯಾಕಲ್ಲಿಗೆ ಅಂತಾರೆ. ಆದ್ರೆ ನಿಂಗೆ ಹುಚ್ಚು ಹಿಡಿಯುತ್ತೆ" ಅಂದಳು. ಶುಕ್ರವಾರ ಅವಳು ಅರ್ಧ ದಿನ ರಜ ಹಾಕಿದಳು, ಮಧ್ಯಾಹ್ನವೇ ಪುಟ್ಟ ರೈಲು ಹತ್ತಿದೆವು. ನಮ್ಮ ರಾಯಕೋಟೆ ಕಡೆಯಂಥದೇ ಬಂಡೆ, ಏರುತಗ್ಗು. ನಮ್ಮಲ್ಲಿ ಬಂಡೆ ಮಧ್ಯೆ ರಾಗಿ ಇರೋ ಕಡೆಯೆಲ್ಲ ಇಲ್ಲಿ ಗೋಧಿ. ಆಮೇಲೆ ಗುಡ್ಡದ ಮೇಲೆ ಕೋಟೆಗೋಡೆ, ಗೋಡೆಯೊಳಗೆ ಬಿಳೀ ಕಲ್ಲಿನ ಊರು. ಸ್ಟೇಷನ್ನಿನಲ್ಲಿ ಇಳಿದವರು ನಾವು ಮತ್ತು ಕಾಲೇಜಿನ ಹುಡುಗರು. ಹೆಗಲಿಗೆ ಕ್ಯಾಮರಾ ಹಾಕ್ಕೊಂಡವರು ಒಬ್ಬರೂ ಇಲ್ಲ.

ಒಳಗೆ ಕಾಲಿಟ್ಟೆ ನೋಡಿ, ಅಯ್ಯಯ್ಯೋ! ಊರಿಗೆ ಊರೇ ಬೇಕರಿ ವಾಸನೆ!

ಒಂದೇ ಬಾಯಿಯ ಅಂಗಳ

ಆ ಊರಿನ ಹಳೇ ಭಾಗದಲ್ಲಿ ಬೀದಿ ಅಂತ ನಂಬಿಕೊಂಡು ಹೋದರೆ ಅದು ಬೀದಿಯಲ್ಲ, ಅಂಗಳ. ಒಂದು ಕಮಾನಿನ ಕೆಳಗೆ ನುಗ್ಗಬೇಕು. ಒಳಗೆ ಸುತ್ತಲೂ ಮನೆ, ಹೊರಗಿನಿಂದಲೇ ಮಹಡಿ ಮೆಟ್ಟಿಲು, ಬಾಗಿಲಿಗೊಂದು ಹೂಕುಂಡ. ಹೊರಗೆ ಬರಬೇಕಂದರೆ ಮತ್ತೆ ಅದೇ ಕಮಾನು. ಹಿಂದಿನ ಕಾಲದಲ್ಲಿ ಶತ್ರುಗಳು ಒಳಗೆ ನುಗ್ಗಿದರೆ ಮೇಲಿನಿಂದ ಎಲ್ಲಾ ಸೇರಿ ಬಡಿಯೋಕೆ ಹೀಗೆ ಕಟ್ಟಿದ್ದು ಅಂತ ಹೇಳ್ತಾರಂತೆ. ನಂಗೆ ಅದು ನೋಡಿದ ತಕ್ಷಣ ವಠಾರ. ಒಬ್ಬರ ಮನೆ ಒಗ್ಗರಣೆ ಇನ್ನೊಬ್ಬರ ಮೂಗಿಗೆ, ಒಬ್ಬರ ಜಗಳ ಎಲ್ಲರ ಕಿವಿಗೆ.

ನಾವು ಇಳಿದುಕೊಂಡಿದ್ದು ಇಂಥದೇ ಒಂದು ಅಂಗಳದಲ್ಲಿ, ರೋಸ ಅನ್ನೋ ಅಜ್ಜಿ ಮನೆಯಲ್ಲಿ. ಮಗಳ ಜೊತೆ ಕೆಲಸ ಮಾಡೋ ಹುಡುಗಿಯೊಬ್ಬಳಿಗೆ ಆಯಮ್ಮ ದೊಡ್ಡಮ್ಮ ಆಗಬೇಕು. ನಾನು ಮೊದಲ ನಿಮಿಷಕ್ಕೇ ರೋಸಮ್ಮ ಮಾಡಿಬಿಟ್ಟೆ. ಎಪ್ಪತ್ತು ದಾಟಿರೋ ಗಟ್ಟಿ ಹೆಂಗಸು. ದೊಡ್ಡ ಗಂಟಲು. ನಾವು ಕಮಾನು ದಾಟಿದಾಗ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿಯವನ ಹತ್ತಿರ ಚೌಕಾಸಿ ಮಾಡ್ತಿದ್ದಳು. ಹೊಸೂರಿನಲ್ಲಿ ನನ್ನ ನಾದಿನಿ ಮೂರನೇ ಮಹಡಿಯಿಂದ ಹಾಲಿನ ಪಾಕೀಟಿಗೆ ಬುಟ್ಟಿ ಬಿಡೋದು ನೆನಪಾಗಿ ನಗು ತಡೆಯೋಕಾಗಲಿಲ್ಲ.

ರೋಸಮ್ಮ ನಮ್ಮನ್ನ ಊರು ಸುತ್ತಿಸೋಕೆ ಹೊರಟಳು. ದೊಡ್ಡ ಚರ್ಚಿನ ಬಾಗಿಲಿಗೆ ಎರಡು ಕಡೆ ಕಲ್ಲಿನ ಸಿಂಹ. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ಎರಡಕ್ಕೂ ಕೈ ಮುಗಿದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಏಸು ಮತ್ತು ಶಿಷ್ಯರು ಊಟಕ್ಕೆ ಕೂತಿರೋದನ್ನ ಕೆತ್ತಿದ್ದಾರೆ. ದೇವರ ಬಾಗಿಲ ಮೇಲೇ ಪಂಕ್ತಿ ಊಟ ಕೆತ್ತಿದ ಊರು ಇದು, ಊಟ ಚೆನ್ನಾಗೇ ಇರುತ್ತೆ ಅಂದುಕೊಂಡೆ.

ಆಮೇಲೆ ಒಲೆಗೆ ಕರ್ಕೊಂಡು ಹೋದಳು. ನೂರಾರು ವರ್ಷದ ಹಳೇ ಒಲೆ, ಇನ್ನೂ ಉರೀತಾ ಇದೆ! ಕಪ್ಪಗಾದ ಕಲ್ಲಿನ ಗುಹೆ. ಅದರ ಮುಂದೆ ವೀತೋ ಅನ್ನೋ ಬೇಕರಿಯವನು, ಹುಬ್ಬೆಲ್ಲ ಹಿಟ್ಟು, ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡನ್ನ ಒಳಗೆ ತಳ್ಳೋದು, ಎಳೆಯೋದು. ಗೋಡೆಯ ಮೇಲೆ ಸಾಲಾಗಿ ಮರದ ಅಚ್ಚುಗಳು. ಹಿಂದೆ ಮನೆಮನೆಯಲ್ಲೂ ಹೆಂಗಸರು ಹಿಟ್ಟು ನಾದಿ ಊರೊಲೆಗೆ ಕಳಿಸ್ತಿದ್ದರಂತೆ. ಎಲ್ಲರ ಬ್ರೆಡ್ಡೂ ಒಂದೇ ಒಲೆಯಲ್ಲಿ. ಯಾರದು ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಹಸಿ ಹಿಟ್ಟಿನ ಮೇಲೆ ಮನೆಯ ಅಚ್ಚು ಒತ್ತೋದು. ಅಚ್ಚಿನಲ್ಲಿ ಮನೆ ಯಜಮಾನನ ಹೆಸರಿನ ಅಕ್ಷರ.

ನಂಗೆ ಮೈ ಜುಮ್ಮಂತು. ಇಂಥ ಅಚ್ಚು ನಾನು ಉದ್ದನಪಲ್ಲಿಯಲ್ಲಿ ನೋಡಿದ್ದೀನಿ! ಕಣದಲ್ಲಿ ರಾಗಿ ರಾಶಿ ಹಾಕಿದ ಮೇಲೆ ಯಾರೂ ಕೈ ಹಾಕದಿರಲಿ ಅಂತ ನಮ್ಮಪ್ಪ ಸುತ್ತಲೂ ಮರದಚ್ಚು ಒತ್ತಿ ಬೂದಿ ಚೆಲ್ಲೋರು. ಬೆಳಿಗ್ಗೆ ಗುರುತು ಅಳಿಸಿದ್ದರೆ ಕಳ್ಳತನ ಅಂತ ಲೆಕ್ಕ. ನಾನು ಚಿಕ್ಕವಳು, ಒಂದ್ಸಲ ನಾನೂ ಒತ್ತೀನಿ ಅಂತ ಕೈ ಚಾಚಿದರೆ "ಹೆಣ್ಮಕ್ಳು ರಾಶಿ ತಾವ ಬರ್ಬಾರ್ದು, ಹೋಗಮ್ಮಿ ಆಚೆ" ಅಂತ ಗದರಿದ್ದರು. ಕುಯ್ದೋಳು ಅಮ್ಮ, ತೂರಿದೋಳು ಅಮ್ಮ. ಗುರುತು ಅಪ್ಪಂದು.

ಈಗ ಅಲ್ತಮೂರದವರೂ ಅಂಗಡಿಯಲ್ಲೇ ಬ್ರೆಡ್ಡು ಕೊಳ್ತಾರೆ. ಆದರೆ ರೋಸಮ್ಮ ಮತ್ತು ನಾಲ್ಕೈದು ಹೆಂಗಸರು ಹಟ ಬಿಟ್ಟಿಲ್ಲ, ಶನಿವಾರ ತಮ್ಮ ಹಿಟ್ಟನ್ನ ವೀತೋನ ಒಲೆಗೆ ತರ್ತಾರೆ. ನಾಳೆಯೇ ಶನಿವಾರ. ನಾನು ಕವಿತಾಳ ಕೈ ಹಿಂಡಿ, "ಕೇಳೇ, ನಾನೂ ಒಂದು ನಾದ್ಲಾ ಅಂತ ಕೇಳೇ" ಅಂದೆ. ಕೇಳಿದಳು. ರೋಸಮ್ಮ ನನ್ನ ಅಂಗೈ ತಿರುಗಿಸಿ ನೋಡಿ ಒಂದು ಸಲ ಒತ್ತಿ, ಆಗಲಿ ಅಂತ ತಲೆಯಾಡಿಸಿದಳು. ನಂಗೆ ಅಲ್ಲೇ ಎಗರೋದೊಂದು ಬಾಕಿ.

ರೋಸಮ್ಮನ ಮೇಜು

ಸಾಯಂಕಾಲ ಊಟಕ್ಕೆ ಕೂತೆವು. ಅಂಗಳಕ್ಕೇ ಮೇಜು ಹಾಕಿದ್ದಳು. ನಡುವೆ ಒಂದು ಬ್ರೆಡ್ಡು, ಕಂದು ತೊಗಟೆ, ಎಳೇ ಮಗುವಿನ ತೂಕ. ನಮ್ಮ ಯಜಮಾನರಿಗೆ ಬೇಕರಿ ಬುದ್ಧಿ ಎಲ್ಲಿ ಹೋದೀತು? ಎತ್ತಿದರು, ಮಕಾಡೆ ಮಾಡಿದರು, ತಳಕ್ಕೆ ಬೆರಳಿಂದ ಟಕ್ ಟಕ್ ಬಡಿದು ಸದ್ದು ಕೇಳಿದರು. ಬೆಂದಿದೆಯಾ ಅಂತ ನಾವು ನೋಡೋದೇ ಹಂಗೆ. ಆಮೇಲೆ ಮಕಾಡೆಯಾಗಿಯೇ ಮೇಜಿನ ಮೇಲೆ ಇಟ್ಟುಬಿಟ್ಟರು. ನಮ್ಮಲ್ಲಿ ಟ್ರೇಯಿಂದ ತೆಗೆದ ಬ್ರೆಡ್ಡು ಆರೋವರೆಗೂ ಮಕಾಡೆಯೇ ಮಲಗಿರುತ್ತೆ.

ರೋಸಮ್ಮ ಕೂಗಿಕೊಂಡಳು. ಹಾರಿ ಬಂದು ಬ್ರೆಡ್ಡು ಎತ್ತಿ, ಅದಕ್ಕೆ ಮುತ್ತಿಟ್ಟು, ನೆಟ್ಟಗೆ ಇಟ್ಟಳು. ಮುಖ ಕೆಂಪಗೆ. ಏನೇನೋ ಹೇಳ್ತಾ ಹೋದಳು. ಕವಿತಾ ಹೇಳಿದಳು, "ಅಮ್ಮ, ಬ್ರೆಡ್ಡು ಮಕಾಡೆ ಹಾಕೋದು ದೇವರಿಗೆ ಬೆನ್ನು ತೋರ್ಸಿದಂಗಂತೆ. ಮನೆಗೇ ಕೆಡುಕಂತೆ. ಬೇಕರಿಯೋರು ಅಂದ್ರಿ, ಇಷ್ಟೂ ಗೊತ್ತಿಲ್ವಾ ಅಂತಾರೆ. ನಾಳೆ ಇಂಥೋರ್ನ ಒಲೆ ಹತ್ರ ಕರ್ಕೊಂಡು ಹೋಗೋಕಾಗಲ್ಲ ಅಂತಿದಾರೆ."

ನನ್ನ ಬ್ರೆಡ್ಡು ಹೋಯ್ತಾ! ನಾದೋಕೆ ಮೊದಲೇ ಹೋಯ್ತಾ! ಯಜಮಾನರು ಏನೂ ಆಗದವರ ಹಾಗೆ "ಮನ್ನಿಚ್ಚುಡುಂಗಮ್ಮ, ತೆರಿಯಾದು" ಅಂತ ತಮಿಳಿನಲ್ಲಿ ಕ್ಷಮೆ ಕೇಳ್ತಿದ್ದರು. ನಂಗೆ ಬಂತು ನೋಡಿ ಸಿಟ್ಟು.

"ನಿಮ್ಗೆ ಬುದ್ಧಿ ಐತಾ? ಹೋದ್ ಕಡೆಯೆಲ್ಲಾ ನಿಮ್ ಬೇಕರಿನೇ ಅನ್ಕಂಡಿದ್ದೀರಾ? ಯಾರ್ ಮನೆ ಅನ್ನಾನ ಯಾರ್ ತಟ್ಟಿ ನೋಡ್ತಾರೆ? ಮದ್ವೇಲಿ ನಮ್ಮಮ್ಮ ಬಡ್ಸಿದ ಮುದ್ದೆನೂ ಹಿಂಗೇ ಹಿಚುಕ್ ನೋಡ್ದೋರು ನೀವು! ಜೀವ್ಮಾನಕ್ ಒಂದು ಆಸೆ ಪಟ್ಟೆ, ಅದ್ಕೂ ಕಲ್ಲಾಕ್ಬುಟ್ರಲ್ಲ!"

ಸುತ್ತಲೂ ಗೋಡೆ ಇರೋ ಅಂಗಳ ಅದು. ನನ್ನ ದನಿ ಎಲ್ಲಾ ಗೋಡೆಗೂ ತಾಗಿ ವಾಪಸ್ಸು ಬರ್ತಿತ್ತು. ನಂಗೆ ನಿಲ್ಲಿಸೋಕೂ ಆಗಲಿಲ್ಲ. ಒಂದು ಕಿಟಕಿ ತೆರೀತು. ಇನ್ನೊಂದು ತೆರೀತು. ಮೇಲಿನ ಮಹಡಿಯ ಹೆಂಗಸು ಸೌಟು ಹಿಡ್ಕೊಂಡೇ ಹೊರಗೆ ಬಂದಳು. ಯಜಮಾನರು ತಲೆ ತಗ್ಗಿಸಿ, ಬ್ರೆಡ್ಡಿನ ಮುಂದೆ ಕೈ ಕಟ್ಟಿಕೊಂಡು ನಿಂತರು. ನಾನು ಉಸಿರು ತೆಗೆದುಕೊಳ್ಳೋಕೆ ನಿಲ್ಲಿಸಿದಾಗ, ಮೇಲಿನಿಂದ ಆ ಸೌಟಿನ ಹೆಂಗಸು "ಬ್ರಾವಾ!" ಅಂತ ಕೂಗಿದಳು. ಕಿಟಕಿ ಕಿಟಕಿಯಿಂದ ಚಪ್ಪಾಳೆ!

ರೋಸಮ್ಮನಿಗೆ ನಗು ಬಂದುಬಿಡ್ತು. ನಗ್ತಾ ನಗ್ತಾ ಕುರ್ಚಿಗೆ ಕುಸಿದಳು. "ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಎಲ್ಲಾ ಅರ್ಥ ಆಯ್ತು ಅಂತಿದಾರೆ" ಅಂದಳು ಕವಿತಾ. "ಅವ್ರಿಗಿಂತ ನೀನೇ ಚೆನ್ನಾಗಿ ಬೈದೆಯಂತೆ. ನಾಳೆ ನೀನು ಬರಬಹುದಂತೆ. ಅಪ್ಪ ಬಾಗಿಲಾಚೆ ನಿಲ್ಬೇಕಂತೆ."

ನಾನು ರೋಸಮ್ಮನ ಕೆನ್ನೆ ಸವರಿ ಲಟಿಕೆ ಮುರಿದೆ. ಅವಳೂ ನನ್ನ ಕೆನ್ನೆ ಹಿಂಡಿದಳು, ಚುರುಗುಟ್ಟೋ ಹಾಗೆ.

ಊಟ ಆದಮೇಲೆ ಅಡುಗೆಮನೆಯಲ್ಲಿ ಒಂದು ಮಡಕೆ ತೆಗೆದಳು. ಹುಳಿ ಬಂದ ಹಿಟ್ಟು. ನಾವು ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇವರು ಬ್ರೆಡ್ಡಿಗೆ ಹೆಪ್ಪು ಹಾಕ್ತಾರೆ. ಅದನ್ನ ತಾಯಿ ಅಂತಲೇ ಕರೆಯೋದಂತೆ. ನಂಗೆ ಒಂದು ಉಂಡೆ ಕೊಟ್ಟಳು. ನಾನು ಹಿಂದೆ ಸರಿದೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಇಸ್ಕೋಬಾರದು ಅಂತ ಅಲ್ಲವಾ ನಮ್ಮಲ್ಲಿ? ಕವಿತಾ ಹಣೆ ಚಚ್ಚಿಕೊಂಡು, "ಅಮ್ಮ, ಸೂಳಗಿರೀಲಿ ಏನ್ ದೀಪ ಹಚ್ಚಿದ್ರೂ ಲೆಕ್ಕಕ್ಕಿಲ್ಲ ಇಲ್ಲಿ" ಅಂದಳು. ಇಸ್ಕೊಂಡೆ.

ಹಿಟ್ಟು ಹಳದಿ, ಚಿರೋಟಿ ರವೆ ಥರ ತರಿತರಿ. ಮೈದಾ ಎರಡು ಗುದ್ದಿಗೆ ಮಾತು ಕೇಳುತ್ತೆ. ಇದು ತಿರುಗಿ ಗುದ್ದುತ್ತೆ! ರಟ್ಟೆ ಬಿದ್ದುಹೋಗೋ ಹಾಗೆ ನಾದಿದೆ. ರೋಸಮ್ಮ ಪಕ್ಕದಲ್ಲೇ ತನ್ನದನ್ನ ನಾದ್ತಾ, ಓರೆಗಣ್ಣಿನಲ್ಲಿ ನೋಡ್ತಾ, ಒಂದು ಹಂತಕ್ಕೆ ಬಂದಾಗ "ಬಾಸ್ತಾ" ಅಂತ ನನ್ನ ಕೈ ಹಿಡಿದು ನಿಲ್ಲಿಸಿದಳು. ಸಾಕು ಅಂತ. ಎರಡನ್ನೂ ಕಂಬಳಿ ಹೊದಿಸಿ ಮಲಗಿಸಿದೆವು.

ವೀತೋನ ಒಲೆ

ಬೆಳಿಗ್ಗೆ ಮರದ ಹಲಗೆ ಮೇಲೆ ಹಿಟ್ಟು ಹೊತ್ತುಕೊಂಡು ಬೀದಿಯಲ್ಲಿ ನಡೆದೆವು. ನಾನು ಸೀರೆ ಮೇಲೆ ಸ್ವೆಟರ್ ಹಾಕಿದ್ದೆ. ಎದುರಿಗೆ ಸಿಕ್ಕಿದವರೆಲ್ಲ "ಬ್ರಾವಾ" ಅಂದು ನಗ್ತಿದ್ದರು. ಬೈದ ಸುದ್ದಿ ಊರೆಲ್ಲ ಹಬ್ಬಿಬಿಟ್ಟಿತ್ತು!

ಒಲೆ ಮುಂದೆ ರೋಸಮ್ಮನ ಸಂಗಾತಿಯರು ಆಗಲೇ ಸೇರಿದ್ದರು. ವೀತೋ ಒಂದೊಂದೇ ಹಿಟ್ಟು ಇಸ್ಕೊಂಡು, ಮಡಚಿ, ಅಚ್ಚು ಒತ್ತಿಸಿ, ಒಳಗೆ ತಳ್ಳೋನು. ನನ್ನ ಸರದಿ ಬಂತು. ಹಲಗೆ ಮೇಲೆ ಇಟ್ಟೆ. ಅವನು ನನ್ನ ಹಿಟ್ಟನ್ನ ಬೆರಳಿಂದ ಒತ್ತಿ ನೋಡಿ ಹುಬ್ಬೇರಿಸಿದ. ಮೆಚ್ಚಿಗೆ ಅಂತ ಗೊತ್ತಾಯ್ತು. ಆಮೇಲೆ ಏನೋ ಕೇಳಿದ. "ಇದು ಯಾರ್ದು, ಗುರುತೆಲ್ಲಿ ಅಂತಿದಾನೆ" ಅಂದಳು ಕವಿತಾ. "ಗುರುತಿಲ್ದೆ ಒಲೆಗೆ ಹಾಕಲ್ವಂತೆ. ಅವರಪ್ಪನ ಕಾಲದಿಂದ ಹಾಕಿಲ್ವಂತೆ."

ನಾನು ಆ ಯೋಚನೆಯನ್ನೇ ಮಾಡಿರಲಿಲ್ಲ. ರೋಸಮ್ಮ ತನ್ನ ಅಚ್ಚು ಚಾಚಿದಳು. ಅವಳ ಮಾವನ ಹೆಸರಿನ ಅಕ್ಷರ. ಮದುವೆಯಾಗಿ ಬಂದಾಗಿನಿಂದ ಅವಳು ಒತ್ತಿರೋದು ಅದೇ ಅಕ್ಷರ. "ತಗೋ, ಒತ್ತು" ಅಂತ ಸನ್ನೆ ಮಾಡಿದಳು. ಒತ್ತಿದರೆ ಅದು ರೋಸಮ್ಮನ ಮನೆಯ ಬ್ರೆಡ್ಡಾಗುತ್ತೆ. ಬಾಗಿಲಾಚೆಯಿಂದ ನಮ್ಮ ಯಜಮಾನರು ಕತ್ತು ಚಾಚಿ, "ಲೇ ಭಾಗ್ಯ, ಚಾಕೂಲಿ ನನ್ ಹೆಸರಿನ ಮೊದಲ್ನೇ ಅಕ್ಷರ ಗೀಚು. ಬೋರ್ಡಲ್ಲಿರೋದೂ ಅದೇ ಅಲ್ವಾ" ಅಂದರು.

"ನಾದಿದ್ದು ನಾನು ಕಣ್ರೀ" ಅಂದೆ. ಬೈಯಲಿಲ್ಲ, ಮೆಲ್ಲಗೇ ಅಂದೆ. ಅವರು ಚಾಚಿದ್ದ ಕತ್ತು ಹಿಂದಕ್ಕೆ ಎಳೆದುಕೊಂಡರು.

ವೀತೋ ಹಲಗೆ ಹಿಡಿದು ಕಾಯ್ತಿದ್ದ. ಒಲೆ ಶಾಖ ಹೋಗ್ತಿತ್ತು. ನನ್ನ ಕೈಯಲ್ಲಿ ಏನಿದೆ? ಕೈ ನೋಡಿಕೊಂಡೆ. ಹಸಿರು ಗಾಜಿನ ಬಳೆ. ದಿನಾ ಮೇಲಕ್ಕೆ ಸರಿಸಿಕೊಂಡು ನಾದೋ ಕೈಯ ಬಳೆ. ಅಲ್ಲಿದ್ದ ಆಲಿವ್ ಎಣ್ಣೆ ಸವರಿ ಒಂದನ್ನ ಜಾರಿಸಿದೆ. "ಏಯ್, ಬಳೆ ಯಾಕೆ ತೆಗೀತೀಯಾ!" ಅಂತ ಯಜಮಾನರು ಗಾಬರಿಯಾದರು. "ಇನ್ನೂ ಕೈತುಂಬಾ ಇದಾವೆ, ಸುಮ್ನಿರಿ" ಅಂದು, ಹಸಿ ಹಿಟ್ಟಿನ ಮೇಲೆ ಒತ್ತಿದೆ. ಒಂದು ಸುತ್ತು. ಅದಕ್ಕೆ ತಾಗಿಸಿ ಇನ್ನೊಂದು. ಅದಕ್ಕೆ ತಾಗಿಸಿ ಮತ್ತೊಂದು.

ವೀತೋ ಬಗ್ಗಿ ನೋಡಿ ತಲೆ ಕೆರೆದುಕೊಂಡ. ಅಚ್ಚಿನ ಗೆರೆ ದಪ್ಪ, ಬಳೆಯ ಗೆರೆ ಸಣ್ಣ, ಒಲೆಯಲ್ಲಿ ಉಬ್ಬಿದರೆ ಮುಚ್ಚಿಹೋಗುತ್ತೆ, ಆಮೇಲೆ ನಂದಲ್ಲ ಅಂತ ಅಳಬೇಡ ಅಂದನಂತೆ. ಆದರೂ ಗುರುತು ಗುರುತೇ. ಒಳಗೆ ತಳ್ಳಿದ. ಬಾಗಿಲು ಹಾಕಿದ.

ಕಾದೆವು. ನಂಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ರೋಸಮ್ಮ ಕಾಫಿ ಕೊಟ್ಟರೆ ಕುಡಿಯೋಕಾಗಲಿಲ್ಲ. ಉದ್ದನಪಲ್ಲಿ ಕಣದಲ್ಲಿ ಬೆಳಿಗ್ಗೆ ಎದ್ದು ಗುರುತು ಇದೆಯಾ ಅಂತ ಓಡ್ತಿದ್ದ ಅಪ್ಪ ನೆನಪಾದರು. ಯಜಮಾನರೂ ಬಾಗಿಲಾಚೆ ನಿಂತು ಮೂಗು ಅರಳಿಸಿ ವಾಸನೆ ಹಿಡೀತಾ, "ಇನ್ನೊಸಿ ಬೇಕು... ಇನ್ನೊಸಿ..." ಅಂತ ತಮ್ಮಷ್ಟಕ್ಕೆ ಗೊಣಗ್ತಿದ್ದರು.

ಬಾಗಿಲು ತೆಗೆದ. ಒಂದೊಂದೇ ಹೊರಗೆ ಬಂತು. ಎಲ್ಲಾ ಕಂದು, ಎಲ್ಲಾ ಉಬ್ಬಿ, ಎಲ್ಲಾ ಒಂದೇ ಥರ. ಇದು ರೋಸಮ್ಮಂದು, ಇದು ಅವಳದು, ಇದು ಇವಳದು. ನಂದು? ಕೊನೆಗೆ ಇನ್ನೊಂದು ಬಂತು. ನೋಡಿದೆ. ಎರಡು ಬಳೆ ಮಾಯ. ವೀತೋ ಹೇಳಿದ ಹಾಗೇ ಮುಚ್ಚಿಹೋಗಿದ್ದವು. ಆದರೆ ಮೂರನೇದು! ಬ್ರೆಡ್ಡಿನ ಜೊತೆಗೇ ಉಬ್ಬಿ, ಅಗಲವಾಗಿ, ಯಾರ ಕೈಗೂ ಸಡಿಲವಾಗೋ ಅಷ್ಟು ದೊಡ್ಡ ಬಳೆಯಾಗಿ ತೊಗಟೆ ಮೇಲೆ ಸೀಳಿಕೊಂಡು ನಿಂತಿತ್ತು! ನಾನು ಕಿರುಚಿಬಿಟ್ಟೆ.

ವೀತೋ ಅದನ್ನ ಬಟ್ಟೆಯಲ್ಲಿ ಹಿಡಿದು ಎತ್ತಿದ. ಅವನ ಅಭ್ಯಾಸ ಅವನಿಗೆ. ಮನೆ ಯಜಮಾನ ಎಲ್ಲಿ ಅಂತ ನೋಡಿ, ಬಾಗಿಲಾಚೆ ನಿಂತಿದ್ದ ನಮ್ಮವರ ಕಡೆಗೆ ಚಾಚಿದ.

ನಮ್ಮ ಯಜಮಾನರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ತಲೆ ಅಲ್ಲಾಡಿಸಿದರು. ಗೊತ್ತಿಲ್ಲದ ಊರಲ್ಲಿ ಅವರಿಗಿರೋದು ಒಂದೇ ಭಾಷೆಯಲ್ಲವಾ, "ಎನ್ನೋಡದು ಇಲ್ಲೀಂಗ, ಅವಂಗಳೋಡದು" ಅಂದರು. ನಂದಲ್ಲ, ಅವರದು. ನನ್ನ ಕಡೆಗೆ ಗಲ್ಲ ತೋರಿಸಿದರು.

ವೀತೋಗೆ ಅದು ಪೂರ್ತಿ ಅರ್ಥವಾಯ್ತು. ಬ್ರೆಡ್ಡು ನನ್ನ ಕೈಗೆ ಬಂತು. ಸುಡ್ತಿತ್ತು. ಬಿಡಲಿಲ್ಲ. ಅಲ್ಲೇ ಮುರಿದು ಎಲ್ಲರಿಗೂ ಹಂಚಿದೆ, ಮೊದಲ ತುಂಡು ರೋಸಮ್ಮನಿಗೆ, ಎರಡನೇದು ನಮ್ಮವರಿಗೆ. ಅವರು ಅಗಿದು, ಕಣ್ಣು ಮುಚ್ಚಿ, "ಭಾಗ್ಯ, ನಿನ್ ಕೈಯೇ ಕೈ ಬಿಡು" ಅಂದರು. ನಂಗೆ ಅಳು ಬಂತು, ಒಲೆ ಹೊಗೆ ಅಂತ ಸುಳ್ಳು ಹೇಳಿದೆ.

ಹೊರಡೋವಾಗ ಆ ಬಳೆ ರೋಸಮ್ಮನಿಗೆ ಕೊಟ್ಟೆ. ಅವಳ ದಪ್ಪ ಕೈಗೆ ಹತ್ತಲಿಲ್ಲ. ಅಡುಗೆಮನೆಯ ಮೊಳೆಗೆ, ಮಾವನ ಅಚ್ಚಿನ ಪಕ್ಕಕ್ಕೆ ನೇತುಹಾಕಿದಳು. ಮುಂದಿನ ಶನಿವಾರ ಯಾವುದನ್ನ ಒಲೆಗೆ ಒಯ್ದಳು ಅಂತ ಕವಿತಾ ಫೋನಿನಲ್ಲಿ ಹೇಳಿದಳು. ಅದನ್ನ ನೀವೇ ಊಹಿಸಿ.

ಸೂಳಗಿರಿ

ಊರಿಗೆ ಬಂದ ಮಾರನೇ ಬೆಳಿಗ್ಗೆಯೇ ಕೆಲಸ. ನಾನು ಎಂದಿನಂತೆ ನಾದಿ, ಬನ್ನು ಕಟ್ಟಿ, ಟ್ರೇಯಲ್ಲಿ ಜೋಡಿಸಿ ಕೈ ತೊಳೆಯೋಕೆ ಹಿತ್ತಲಿಗೆ ಹೋದೆ. ಮುಂದೆ ಲಾರಿಯವರು ಬಂದು ನಿಂತಿದ್ದರು. "ಅಣ್ಣಾ, ಆಯ್ತಾ?" ಅಂತ ಒಬ್ಬ, "ಅಣ್ಣಾ, ಸೀಕ್ರಂ" ಅಂತ ಆತುರದಲ್ಲಿ ಇನ್ನೊಬ್ಬ. ಒಲೆ ಕೆಂಪಗೆ ಕಾದಿತ್ತು. ಆದರೆ ಟ್ರೇ ಒಳಗೆ ಹೋದ ಸದ್ದೇ ಇಲ್ಲ.

ಏನಾಯ್ತು ಅಂತ ಬಂದು ನೋಡಿದರೆ, ನಮ್ಮ ಯಜಮಾನರು ಟ್ರೇ ಹಿಡಿದುಕೊಂಡು ಒಲೆ ಮುಂದೆ ಹಾಗೇ ನಿಂತಿದ್ದಾರೆ.

"ಯಾಕ್ರೀ ನಿಂತ್ಬುಟ್ರಿ? ಗಿರಾಕಿ ಕಾಯ್ತಾ ಅವ್ರೆ."

"ಬಳೆ ಒತ್ಲಿಲ್ವಲ್ಲ ನೀನು" ಅಂದರು. "ಗುರುತಿಲ್ದೆ ಹೆಂಗ್ ಒಲೆಗಾಕ್ಲಿ? ಬಾ, ಶಾಖ ಹೋಯ್ತದೆ."